ಕಂಪ್ಯೂಟರ್ ಕೆಟ್ಟರೆ ದೋಷ ಹುಡುಕುವುದು ಹೇಗೆ? ಕಿತ್ತೂರಿನ ಎಕ್ಸ್‌ಚೇಂಜ್, ಬೆಂಗಳೂರಿನ ಮತಯಂತ್ರ ಹೇಳುವ ಪಾಠ

ನೇಮಕಲ್ಲು: ಬೊಮ್ಮನಹಾಳ್ ಮಂಡಲದ ಊರುಗಳಲ್ಲಿ ಕಂಪ್ಯೂಟರ್ ಕೆಟ್ಟರೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಾಯದುರ್ಗಕ್ಕೋ ಬಳ್ಳಾರಿಗೋ ಬಸ್ಸು ಹತ್ತಬೇಕು. ಮಡಕಶಿರಾ ಕಡೆಯವರಾದರೆ ಹಿಂದೂಪುರ, ಇಲ್ಲವೇ ಶಿರಾ. ಅಲ್ಲಿ 'ಮದರ್‌ಬೋರ್ಡ್ ಹೋಗಿದೆ' ಎಂದುಬಿಟ್ಟರೆ ತಲೆಯಾಡಿಸುವುದಷ್ಟೇ ನಮಗೆ ಉಳಿದ ಕೆಲಸ. ನಿಜವಾಗಿ ಹೋಗಿದ್ದು ಮದರ್‌ಬೋರ್ಡೋ, ಅದರ ಮೇಲಿನ 3 ವೋಲ್ಟಿನ ಸೆಲ್ಲೋ ಅಥವಾ ಮನೆಯ ಗೋಡೆಯ ಪ್ಲಗ್ಗೋ ಎಂದು ತಿಳಿಯಲು ಒಂದು ಕ್ರಮವಿದೆ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಬಿ.ಎ. ಓದಿದ ಈ ಲೇಖಕನಿಗೇ ಅರ್ಥವಾಗಿದೆ ಎಂದ ಮೇಲೆ ಓದುಗರಿಗೆ ಕಷ್ಟವೇನೂ ಆಗಲಾರದು.

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ಒಂದು ಪರೀಕ್ಷೆ, ಇನ್ನೊಂದು ನಿದಾನ. ಇಲ್ಲಿ ನಿದಾನ ಎಂದರೆ ತಡವಲ್ಲ. ಅದು ಮಹಾಪ್ರಾಣದ 'ಧಾ' ಇರುವ ನಿಧಾನ. ಅಲ್ಪಪ್ರಾಣದ ನಿದಾನ ಆಯುರ್ವೇದದ ಮಾತು, ರೋಗದ ಮೂಲ ಕಂಡುಹಿಡಿಯುವುದು ಎಂದರ್ಥ. ಥರ್ಮಾಮೀಟರ್ ಇಟ್ಟು ಜ್ವರ ಇದೆ ಎಂದು ಹೇಳುವುದು ಪರೀಕ್ಷೆ. ಅದು ಮಲೇರಿಯಾವೋ ಟೈಫಾಯಿಡೋ ಎಂದು ತೀರ್ಮಾನಿಸುವುದು ನಿದಾನ. ಕಂಪ್ಯೂಟರ್ ರಿಪೇರಿಯಲ್ಲಿ ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಪರೀಕ್ಷೆಯನ್ನೇ ನಿದಾನ ಎಂದು ತಿಳಿದಾಗ. 'ಆನ್ ಆಗುತ್ತಿಲ್ಲ' ಎಂಬುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ.

ಕಿತ್ತೂರು, 1986

ಹಳ್ಳಿಯಲ್ಲಿ ಡಿಜಿಟಲ್ ಯಂತ್ರ ಕೆಟ್ಟರೆ ಯಾರು ನೋಡಬೇಕು ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಳ್ಳೆಯ ಉತ್ತರ ಸಿಕ್ಕಿದ್ದು ಕನ್ನಡ ನಾಡಿನಲ್ಲೇ. ಟೆಲಿಫೋನ್ ಎಕ್ಸ್‌ಚೇಂಜುಗಳನ್ನು ಇಲ್ಲಿಯೇ ರೂಪಿಸಬೇಕೆಂದು 1984ರಲ್ಲಿ ಸಿ-ಡಾಟ್ ಸಂಸ್ಥೆ ಆರಂಭವಾಯಿತು. ಅದರ ಹಿಂದಿದ್ದವರು ಸ್ಯಾಮ್ ಪಿತ್ರೋಡಾ. ಆ ಸಂಸ್ಥೆಯ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸಕ್ಕೆ ನಿಂತದ್ದು 1986ರ ಜುಲೈಯಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರೆಂದೇ ಗೊತ್ತಿರುವ ಕಿತ್ತೂರಿಗೆ ಹೀಗೊಂದು ಹೆಗ್ಗಳಿಕೆಯೂ ಇದೆ ಎಂದು ಬಹಳ ಜನರಿಗೆ ತಿಳಿದಿಲ್ಲ.

ಹೊರದೇಶದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಹಳ್ಳಿಯಲ್ಲಿ ಎಸಿ ಎಲ್ಲಿಂದ ತರುವುದು? ಕರೆಂಟೇ ಹೋಗಿ ಬಂದು ಮಾಡುವ ಕಾಲ ಅದು. ಆದ್ದರಿಂದ ಎಸಿ ಇಲ್ಲದೆಯೇ ಬಿಸಿಲು ತಡೆಯುವಂತೆ ಯಂತ್ರವನ್ನು ರೂಪಿಸಿದರು. ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು ರಿಪೇರಿಯ ಏರ್ಪಾಡು. ಯಂತ್ರದ ಸರ್ಕ್ಯೂಟೆಲ್ಲ ಎಳೆದರೆ ಹೊರಬರುವ, ತಳ್ಳಿದರೆ ಕೂರುವ ಕಾರ್ಡುಗಳಲ್ಲಿತ್ತು. ನಿಯಂತ್ರಣದ ಮುಖ್ಯ ಕಾರ್ಡುಗಳು ಎರಡೆರಡು. ಒಂದು ಕೈಕೊಟ್ಟರೆ ಇನ್ನೊಂದು ಹೊಣೆ ಹೊರುತ್ತಿತ್ತು. ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಯಾವ ಭಾಗದಲ್ಲಿ ಎಡವಟ್ಟು ಎಂದು ಸೂಚನೆ ಕೊಡುತ್ತಿತ್ತು. ಊರಿನ ಸಿಬ್ಬಂದಿ ಆ ಕಾರ್ಡನ್ನು ಕಿತ್ತು ಬೇರೆಯದನ್ನು ಹಾಕಿದರೆ ಸಾಕು. ಕೆಟ್ಟ ಕಾರ್ಡು ಉಪಕರಣಗಳಿರುವ ಕೇಂದ್ರಕ್ಕೆ ಹೋಗುತ್ತಿತ್ತು. ಅದರಲ್ಲಿ ಯಾವ ಚಿಪ್ ಸತ್ತಿದೆ ಎಂದು ಅಲ್ಲಿನವರು ನೋಡುತ್ತಿದ್ದರು.

ದೋಷವನ್ನು ಎಲ್ಲಿಯವರೆಗೆ ಬೆನ್ನಟ್ಟಬೇಕು ಎಂಬುದಕ್ಕೆ ಇದೇ ಅಳತೆಗೋಲು. ನಿಮ್ಮ ಕೈಯಲ್ಲಿ ಬದಲಾಯಿಸಲು ಆಗುವ ಭಾಗ ಯಾವುದೋ ಅಲ್ಲಿಯವರೆಗೆ. ಹಳ್ಳಿಯಲ್ಲಿ ಕಾರ್ಡಿನವರೆಗೆ, ಕೇಂದ್ರದಲ್ಲಿ ಚಿಪ್ಪಿನವರೆಗೆ, ಕಾರ್ಖಾನೆಯಲ್ಲಿ ಚಿಪ್ಪಿನ ಒಳಗಿನ ಗೆರೆಯವರೆಗೆ. ಅದೇ ನಮೂನೆಯ ಎಕ್ಸ್‌ಚೇಂಜುಗಳು ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಬಂದವು. ಮೊಬೈಲ್ ಬಂದ ಮೇಲೆ ಅವುಗಳ ಕಾಲ ಮುಗಿಯಿತು, ಮಾತು ಬೇರೆ.

ಸೊನ್ನೆ ಮತ್ತು ಒಂದು ಕೆಡುವುದು ಹೇಗೆ

ಡಿಜಿಟಲ್ ಸರ್ಕ್ಯೂಟಿಗೆ ಗೊತ್ತಿರುವುದು ಎರಡೇ, 0 ಮತ್ತು 1. 5 ವೋಲ್ಟಿನಲ್ಲಿ ನಡೆಯುವ ಹಳೆಯ ಟಿಟಿಎಲ್ ಚಿಪ್ಪುಗಳು ಒಳಬರುವ ವೋಲ್ಟೇಜು 0.8ಕ್ಕಿಂತ ಕಡಿಮೆ ಇದ್ದರೆ 0 ಎಂದೂ, 2ಕ್ಕಿಂತ ಹೆಚ್ಚಿದ್ದರೆ 1 ಎಂದೂ ತಿಳಿಯುತ್ತವೆ. ನಡುವೆ ನಿಂತರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಬೆಸುಗೆ ಬಿಟ್ಟ ತಂತಿ, ಸಡಿಲ ಪ್ಲಗ್ಗು ಮಾಡುವ ಕಿತಾಪತಿ ಹೀಗೆಯೇ. ಒಮ್ಮೆ ಸರಿ ಕಾಣಿಸಿ ಒಮ್ಮೆ ತಪ್ಪುತ್ತದೆ.

ಎಂಜಿನಿಯರುಗಳು ಹೆಚ್ಚಿನ ದೋಷಗಳನ್ನು ಒಂದು ಸರಳ ಚಿತ್ರಕ್ಕೆ ಇಳಿಸಿಕೊಂಡಿದ್ದಾರೆ. ಯಾವುದೋ ಒಂದು ತಂತಿ 0ಯಲ್ಲೇ ಅಂಟಿಕೊಂಡಿದೆ ಅಥವಾ 1ರಲ್ಲೇ ಅಂಟಿಕೊಂಡಿದೆ. ಬೋರ್‌ವೆಲ್ ಮೋಟಾರನ್ನು ನೆನೆಯಿರಿ. ಕರೆಂಟೂ ಇರಬೇಕು, ಬಾವಿಯಲ್ಲಿ ನೀರೂ ಇರಬೇಕು. ಎರಡೂ ಇದ್ದರೆ ಮಾತ್ರ ಮೋಟಾರ್ ಓಡಬೇಕು. ಇದೇ 'ಆಂಡ್' ಗೇಟ್. ಇದರ ಮುಂದೆ ನಾಲ್ಕು ಸ್ಥಿತಿಗಳಿವೆ. ಆದರೆ ಪರೀಕ್ಷೆಗೆ ಮೂರೇ ಸಾಕು. ಎರಡನ್ನೂ 1 ಮಾಡಿದಾಗ ಮೋಟಾರ್ ಓಡದಿದ್ದರೆ ಯಾವುದೋ ಒಂದು 0ಗೆ ಅಂಟಿದೆ. ನೀರಿನದನ್ನು ಮಾತ್ರ 0 ಮಾಡಿದಾಗಲೂ ಓಡಿದರೆ ನೀರಿನ ತಂತಿ 1ಕ್ಕೆ ಅಂಟಿರಬೇಕು, ಇಲ್ಲವೇ ಮೋಟಾರಿಗೆ ಹೋಗುವ ತಂತಿಯೇ ಅಂಟಿರಬೇಕು. ಕರೆಂಟಿನದನ್ನು ಮಾತ್ರ 0 ಮಾಡಿದರೂ ಹೀಗೇ. ಎರಡೂ 0 ಇರುವ ನಾಲ್ಕನೆಯ ಸ್ಥಿತಿ ಹೊಸದೇನನ್ನೂ ಹೇಳುವುದಿಲ್ಲ. ಇಲ್ಲಿ ಇನ್ನೊಂದನ್ನೂ ಗಮನಿಸಿ: ಮೊದಲ ಪರೀಕ್ಷೆಯಿಂದ ದೋಷ ಇದೆ ಎಂದು ತಿಳಿಯಿತೇ ಹೊರತು ಮೂರು ತಂತಿಗಳಲ್ಲಿ ಯಾವುದು ಎಂದು ತಿಳಿಯಲಿಲ್ಲ. ಪರೀಕ್ಷೆ ಮುಗಿದು ನಿದಾನ ಶುರುವಾಗುವುದು ಅಲ್ಲಿಂದ.

ಇಷ್ಟೇ ಆಗಿದ್ದರೆ ಎಲ್ಲ ಸ್ಥಿತಿಗಳನ್ನೂ ನೋಡಿಬಿಡಬಹುದಿತ್ತು. ಆದರೆ 32 ಬಿಟ್ಟಿನ ಎರಡು ಸಂಖ್ಯೆಗಳನ್ನು ಕೂಡಿಸುವ ಸಾಮಾನ್ಯ ಸರ್ಕ್ಯೂಟಿಗೆ 64 ತಂತಿ ಒಳಗೆ ಹೋಗುತ್ತವೆ. ಸೆಕೆಂಡಿಗೆ 100 ಕೋಟಿ ಪರೀಕ್ಷೆ ಮಾಡಿದರೂ ಎಲ್ಲವನ್ನೂ ಮುಗಿಸಲು ಸುಮಾರು 585 ವರ್ಷ ಬೇಕು. ಆದ್ದರಿಂದ ಕಡಿಮೆ ಪರೀಕ್ಷೆಯಲ್ಲಿ ಹೆಚ್ಚು ದೋಷ ಹಿಡಿಯುವ ಲೆಕ್ಕ ಬೇಕಾಯಿತು. ಐಬಿಎಂನ ಪಾಲ್ ರಾತ್ 1966ರಲ್ಲಿ ಪ್ರಕಟಿಸಿದ ವಿಧಾನ ಈ ದಾರಿಯ ಮೈಲಿಗಲ್ಲು. ಚಿಪ್ಪುಗಳು ಒತ್ತೊತ್ತಾಗಿ ಕೂತು ಬೋರ್ಡಿನ ಮೇಲೆ ಸೂಜಿ ಇಡಲೂ ಜಾಗವಿಲ್ಲದಾದಾಗ, ಚಿಪ್ಪಿನ ಕಾಲುಗಳನ್ನು ಒಳಗಿನಿಂದಲೇ ಓದುವ ಜೆಟ್ಯಾಗ್ ಪದ್ಧತಿ ಬಂತು. ಅದು 1990ರಲ್ಲಿ ಜಾಗತಿಕ ಮಾನದಂಡವಾಯಿತು.

ಕಾರ್ಖಾನೆಯ ಪರೀಕ್ಷೆ ಪಾಸಾದರೂ ನೆಮ್ಮದಿ ಇಲ್ಲ ಎನ್ನಲು 1994ರ ಪೆಂಟಿಯಂ ಪ್ರಕರಣ ಸಾಕು. ಅಮೆರಿಕದ ಗಣಿತದ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವರ ಭಾಗಾಕಾರಗಳು ತಪ್ಪಿ ಬರುತ್ತಿದ್ದವು. ಚಿಪ್ಪಿನಲ್ಲಿ ಏನೂ ಸುಟ್ಟಿರಲಿಲ್ಲ, ಏನೂ ಅಂಟಿರಲಿಲ್ಲ. ಅದರೊಳಗಿನ ಕೋಷ್ಟಕದಲ್ಲೇ ಐದು ಅಂಕಿಗಳು ಬಿಟ್ಟುಹೋಗಿದ್ದವು. ಇಂಟೆಲ್ ಕಂಪನಿ ಇದಕ್ಕಾಗಿ 47.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು.

ಮತಯಂತ್ರದ ಪರೀಕ್ಷೆ

ಡಿಜಿಟಲ್ ಯಂತ್ರದ ಪರೀಕ್ಷೆಯನ್ನು ಸಾಮಾನ್ಯ ಜನ ಕಣ್ಣಾರೆ ಕಾಣುವ ಜಾಗ ಒಂದೇ, ಮತಗಟ್ಟೆ. ಮತಯಂತ್ರಗಳನ್ನು ತಯಾರಿಸುವುದು ಎರಡು ಸರ್ಕಾರಿ ಕಂಪನಿಗಳು: ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶಕ್ಕೆ ಬಂದವು. ರಾಯದುರ್ಗ, ಮಡಕಶಿರಾಗಳಂಥ ಗಡಿ ಕ್ಷೇತ್ರಗಳ ಮತದಾರರೂ ಎರಡು ದಶಕಗಳಿಂದ ಇದೇ ಗುಂಡಿ ಒತ್ತುತ್ತಿದ್ದಾರೆ.

ಚುನಾವಣೆಗೆ ತಿಂಗಳುಗಳ ಮೊದಲೇ ಜಿಲ್ಲಾ ಕೇಂದ್ರಗಳಲ್ಲಿ ಮೊದಲ ಹಂತದ ತಪಾಸಣೆ ನಡೆಯುತ್ತದೆ. ತಪಾಸಣೆ ಮಾಡುವವರು ಆ ಎರಡು ಕಂಪನಿಗಳ ಎಂಜಿನಿಯರುಗಳು. ರಾಜಕೀಯ ಪಕ್ಷಗಳ ಪ್ರತಿನಿಧಿಗಳನ್ನು ಕರೆಸಿ ಅವರ ಮುಂದೆಯೇ ಮಾಡಬೇಕು. ಬ್ಯಾಲೆಟ್ ಯೂನಿಟ್ಟಿನ 16 ಗುಂಡಿಗಳನ್ನೂ ಒತ್ತಿ ನೋಡುತ್ತಾರೆ. ಹದಿನಾರೂ ಏಕೆ ಎಂದು ಈಗ ಓದುಗರೇ ಹೇಳಬಲ್ಲರು. ಏಳನೆಯ ಗುಂಡಿಯ ತಂತಿ ಅಂಟಿಕೊಂಡಿದ್ದರೆ ಅದು ತಿಳಿಯುವುದು ಏಳನ್ನೇ ಒತ್ತಿದಾಗ. ಒಂದನ್ನು ಸಾವಿರ ಸಲ ಒತ್ತಿದರೂ ಏಳರ ಸುದ್ದಿ ಗೊತ್ತಾಗದು. ಇನ್ನು ಹೆಚ್ಚು ಒತ್ತಿದಾಗ ಮಾತ್ರ ಕಾಣುವ ದೋಷಗಳೂ ಇವೆ. ಅದಕ್ಕಾಗಿ ಶೇ. 1ರಷ್ಟು ಯಂತ್ರಗಳಲ್ಲಿ 1200, ಶೇ. 2ರಲ್ಲಿ 1000, ಇನ್ನೂ ಶೇ. 2ರಲ್ಲಿ 500 ಅಣಕು ಮತ ಹಾಕಿ ನೋಡುವ ನಿಯಮವಿದೆ. ಮತದಾನದ ದಿನ ಬೆಳಗ್ಗೆ ಏಜೆಂಟರ ಮುಂದೆ ಕನಿಷ್ಠ 50 ಅಣಕು ಮತ ಹಾಕಿ, ಎಣಿಸಿ, ಅಳಿಸಿ, ನಂತರವೇ ನಿಜವಾದ ಮತದಾನ.

ಮತಗಟ್ಟೆಯಲ್ಲಿ ಯಂತ್ರ ನಿಂತರೆ ಅಲ್ಲಿ ಯಾರೂ ಸ್ಕ್ರೂ ಬಿಚ್ಚುವುದಿಲ್ಲ. ಕೇಬಲ್ಲಿನ ಸಂಪರ್ಕ ತಪ್ಪಿದರೆ ಕಂಟ್ರೋಲ್ ಯೂನಿಟ್ 'ಲಿಂಕ್ ಎರರ್' ತೋರಿಸುತ್ತದೆ. ಸ್ವಿಚ್ ಆಫ್ ಮಾಡಿ ಕೇಬಲ್ ಸರಿಯಾಗಿ ಕೂರಿಸಿ ನೋಡಬೇಕು. ಮತದಾನದ ನಡುವೆ ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ ಕೆಟ್ಟರೆ ಇಡೀ ಸೆಟ್ಟನ್ನು ಬದಲಾಯಿಸಿ ಮತ್ತೆ ಅಣಕು ಮತ ಹಾಕಬೇಕು. ಚೀಟಿ ಮುದ್ರಿಸುವ ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಾಯಿಸುತ್ತಾರೆ. ಕಿತ್ತೂರಿನ ಕಾರ್ಡಿನ ಲೆಕ್ಕವೇ ಇದು. ಇಲ್ಲಿ ಬದಲಾವಣೆ, ನಿದಾನ ಬೇರೆ ಕಡೆ.

ನಿದಾನ ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ 2018ರ ಮೇ 28ರ ಉಪಚುನಾವಣೆಯನ್ನು ನೋಡಿ. ಉತ್ತರ ಪ್ರದೇಶದ ಕೈರಾನಾದಲ್ಲಿ ವಿವಿಪ್ಯಾಟುಗಳು ಸಾಲಾಗಿ ಕೈಕೊಟ್ಟವು. 73 ಮತಗಟ್ಟೆಗಳಲ್ಲಿ ಮೇ 30ರಂದು ಮರುಮತದಾನ ಮಾಡಬೇಕಾಯಿತು. ಬಿಸಿಲಿನ ಝಳ ಎಂದರು ಕೆಲವರು, ಕುತಂತ್ರ ಎಂದರು ಹಲವರು. ಚುನಾವಣಾ ಆಯೋಗ ಕೊಟ್ಟ ಕಾರಣ ಬೆಳಕು. ಚೀಟಿ ಸರಿಯಾಗಿ ಮುದ್ರಣವಾಗಿದೆಯೇ ಎಂದು ನೋಡುವ ಸಂವೇದಕದ ಮೇಲೆ ನೇರ ಬೆಳಕು ಬಿದ್ದರೆ ಅದು ತಪ್ಪು ತಿಳಿಯುತ್ತದೆ. ಕೋಣೆಯ ನೆರಳಿನಲ್ಲಿ ತಪಾಸಣೆ ಮಾಡಿದಾಗ ಪಾಸಾದ ಯಂತ್ರ, ಕಿಟಕಿಯ ಪಕ್ಕದಲ್ಲೋ ಉರಿಯುವ ಬಲ್ಬಿನ ಕೆಳಗೋ ಇಟ್ಟಾಗ ಫೇಲಾಯಿತು. ಪರೀಕ್ಷೆ ಮಾಡಿದ ಸ್ಥಿತಿ, ಕೆಲಸ ಮಾಡುವ ಸ್ಥಿತಿ ಎರಡೂ ಒಂದೇ ಆಗಿರಲಿಲ್ಲ.

ಅಣಕು ಮತಕ್ಕೂ ಮಿತಿಯಿದೆ. ಯಂತ್ರ ಸರಿಯಾಗಿ ನಡೆದುಕೊಳ್ಳುತ್ತಿದೆ ಎಂದು ಅದು ತೋರಿಸುತ್ತದೆ. ಒಳಗಿರುವ ಪ್ರೋಗ್ರಾಂ ಇರಬೇಕಾದ್ದೇ ಹೌದೇ ಎಂಬುದು ಬೇರೆ ಪ್ರಶ್ನೆ. ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 26ರ ತೀರ್ಪಿನಲ್ಲಿ ಇದಕ್ಕೂ ದಾರಿ ಮಾಡಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಫಲಿತಾಂಶದ 7 ದಿನದೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಯಂತ್ರಗಳ ಮೈಕ್ರೊಕಂಟ್ರೋಲರ್ ಮೆಮೊರಿಯನ್ನು ಕಂಪನಿಯ ಎಂಜಿನಿಯರುಗಳು ಪರಿಶೀಲಿಸಬೇಕು. ಖರ್ಚು ಕೇಳಿದವರದು. ತಿದ್ದಿದ್ದು ಸಾಬೀತಾದರೆ ಹಣ ವಾಪಸು.

ಮನೆಯ, ಶಾಲೆಯ ಕಂಪ್ಯೂಟರ್

ಈಗ ನಮ್ಮ ಮೇಜಿನ ಮೇಲಿನ ಡಬ್ಬಿಗೆ ಬರೋಣ. ಹಗರಿ ನದಿಯ ಉಸುಕು ಗಾಳಿಗೆ ಎದ್ದು ದರ್ಗಾ ಹೊನ್ನೂರಿನ ಹೊಲಗಳ ಮೇಲೆ ದಿಬ್ಬವಾಗಿ ಕೂರುವುದು ಬೊಮ್ಮನಹಾಳ್ ಮಂಡಲದವರಿಗೆ ಗೊತ್ತೇ ಇದೆ. ಅದೇ ಗಾಳಿ ಕಂಪ್ಯೂಟರಿನ ಫ್ಯಾನಿನೊಳಗೂ ಹೋಗುತ್ತದೆ. ಪ್ರೊಸೆಸರಿನ ಮೇಲಿನ ಲೋಹದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಕೂತರೆ ಬಿಸಿ ಹೊರಗೆ ಹೋಗದು. ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಬಂದರೆ ತಾನಾಗಿ ನಿಧಾನಿಸುತ್ತದೆ, ಇನ್ನೂ ಏರಿದರೆ ಆಫ್ ಆಗುತ್ತದೆ. ಆನ್ ಮಾಡಿದ ಹತ್ತು ನಿಮಿಷಕ್ಕೆ ನಿಲ್ಲುವ, ಸ್ವಲ್ಪ ಬಿಟ್ಟು ಮತ್ತೆ ಓಡುವ ಕಂಪ್ಯೂಟರಿಗೆ ಮೊದಲ ಮದ್ದು ಬ್ರಷ್ಷು ಮತ್ತು ಬ್ಲೋವರ್. ಫ್ಯಾನನ್ನು ಬೆರಳಿನಿಂದ ಹಿಡಿದು ಊದಬೇಕು. ಬೇಸಿಗೆಯಲ್ಲಿ ಮಾತ್ರ ಕೆಡುತ್ತದೆ, ಮಳೆಗಾಲದಲ್ಲಿ ಸರಿ ಎಂದರೂ ಸಂಶಯ ಇದರ ಮೇಲೆಯೇ.

ಹುಳು ಹುಪ್ಪಟೆಯೂ ಶತ್ರುವೇ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್-2 ಯಂತ್ರದ ರಿಲೇಯಲ್ಲಿ ಸಿಕ್ಕ ಪತಂಗವನ್ನು ಲಾಗ್ ಪುಸ್ತಕಕ್ಕೆ ಅಂಟಿಸಿ ಇಟ್ಟಿದ್ದಾರೆ. ನಮ್ಮಲ್ಲಿ ಆ ಕೆಲಸ ಹಲ್ಲಿ, ಇರುವೆಗಳದು.

ಏನೂ ಆನ್ ಆಗದಿದ್ದರೆ ಕರೆಂಟಿನಿಂದ ಶುರು ಮಾಡಿ. ಅದೇ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಪವರ್ ಕೇಬಲ್ ಬದಲಾಯಿಸಿ. ನಂತರ ಎಸ್‌ಎಂಪಿಎಸ್. ಮಲ್ಟಿಮೀಟರ್ ಹಿಡಿಯಲು ಬರುವವರು ಕಪ್ಪು ತಂತಿಗೆ ಹೋಲಿಸಿ ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಇದೆಯೇ ನೋಡಬಹುದು, ಶೇ. 5ರಷ್ಟು ಹೆಚ್ಚು ಕಡಿಮೆ ನಡೆಯುತ್ತದೆ. ಅಂದರೆ 12 ಇರಬೇಕಾದಲ್ಲಿ 11.4ಕ್ಕಿಂತ ಕೆಳಗೆ ಇಳಿದಿದ್ದರೆ ಎಸ್‌ಎಂಪಿಎಸ್ ಸುಸ್ತಾಗಿದೆ. ಫ್ಯಾನ್ ತಿರುಗುತ್ತಿದೆ, ಆದ್ದರಿಂದ ಎಸ್‌ಎಂಪಿಎಸ್ ಸರಿ ಇದೆ ಎನ್ನುವುದು ತಪ್ಪು. ಫ್ಯಾನಿಗೆ 12 ವೋಲ್ಟ್ ಒಂದಿದ್ದರೆ ಸಾಕು, ಮದರ್‌ಬೋರ್ಡಿಗೆ ಸಾಲದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟ್ ಉಳಿದಿರಬಹುದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ಕಂಪ್ಯೂಟರ್ ಕೆಟ್ಟಿರುವುದಿಲ್ಲ, ಮನೆಗೆ ಅರ್ಥಿಂಗ್ ಇರುವುದಿಲ್ಲ. ಎಸ್‌ಎಂಪಿಎಸ್ಸಿನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟು ಭೂಮಿಗೆ ಹೋಗಲು ದಾರಿ ಇಲ್ಲದೆ ಡಬ್ಬಿಯಲ್ಲೇ ನಿಲ್ಲುತ್ತದೆ. ಇದಕ್ಕೆ ಬೇಕಾದವರು ವೈರ್‌ಮನ್, ಕಂಪ್ಯೂಟರ್ ರಿಪೇರಿಯವರಲ್ಲ.

ಕರೆಂಟ್ ಸರಿ, ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಆಗ ಕಿವಿ ಕೊಡಿ. ಆನ್ ಆದ ಕೂಡಲೇ ಕಂಪ್ಯೂಟರ್ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. 1981ರ ಐಬಿಎಂ ಪಿಸಿಯಿಂದಲೂ ಈ ಪದ್ಧತಿ ಇದೆ. ಹಳೆಯ ಬೋರ್ಡುಗಳಲ್ಲಿ ಒಂದು ಸಣ್ಣ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲ ಸರಿ. ಬೇರೆ ಬೇರೆ ಬೀಪುಗಳಿಗೆ ಬೇರೆ ಬೇರೆ ಅರ್ಥ, ಅದೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮದರ್‌ಬೋರ್ಡಿನ ಹೆಸರು ನೋಡಿ ಹುಡುಕಬೇಕು. ಇತ್ತೀಚಿನ ಹಲವು ಬೋರ್ಡುಗಳಲ್ಲಿ ಬೀಪಿನ ಬದಲು ಸಣ್ಣ ದೀಪ ಉರಿದು ಪ್ರೊಸೆಸರೋ ರ್‍ಯಾಮೋ ಡಿಸ್‌ಪ್ಲೇಯೋ ಎಂದು ತೋರಿಸುತ್ತದೆ.

ಸೂಚನೆ ಸಿಗದಿದ್ದರೆ ಕಳಚುತ್ತಾ ಹೋಗುವುದೇ ದಾರಿ. ಪ್ಲಗ್ ತೆಗೆದು, ಪ್ರಿಂಟರ್, ಡಿವಿಡಿ ಡ್ರೈವ್, ಹಾರ್ಡ್ ಡಿಸ್ಕ್, ಹೆಚ್ಚುವರಿ ಕಾರ್ಡುಗಳ ಸಂಪರ್ಕ ತಪ್ಪಿಸಿ. ಬೋರ್ಡು, ಪ್ರೊಸೆಸರ್, ಒಂದೇ ಒಂದು ರ್‍ಯಾಮ್ ಉಳಿಯಲಿ. ಈಗ ಎದ್ದರೆ ಅಪರಾಧಿ ಹೊರಗೆ ಇಟ್ಟವುಗಳಲ್ಲಿದೆ. ಒಂದೊಂದೇ ಹಾಕುತ್ತಾ ಬನ್ನಿ. ಒಮ್ಮೆಗೆ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಬ್ರಹ್ಮನಿಗೂ ತಿಳಿಯದು. ರ್‍ಯಾಮ್ ಕಡ್ಡಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸಿದರೆ ಎಷ್ಟೋ ಕಂಪ್ಯೂಟರುಗಳು ಏಳುತ್ತವೆ. ಕೆಲಸದ ನಡುವೆ ಕಾರಣವಿಲ್ಲದೆ ನೀಲಿ ಪರದೆ ಬರುತ್ತಿದ್ದರೆ ಮೆಮ್‌ಟೆಸ್ಟ್ ಎಂಬ ಪ್ರೋಗ್ರಾಂ ಹಾಕಿ ರಾತ್ರಿಯಿಡೀ ಓಡಿಸಬೇಕು. ಅದು ಮೆಮೊರಿಯ ಪ್ರತಿ ಕೋಣೆಗೂ 0 ಬರೆದು ಓದುತ್ತದೆ, 1 ಬರೆದು ಓದುತ್ತದೆ, ಒಂದು ಬಿಟ್ಟು ಒಂದರಂತೆ ಬರೆದು ಪಕ್ಕದ ಕೋಣೆ ಕೆಡುತ್ತದೆಯೇ ನೋಡುತ್ತದೆ. ಬೋರ್‌ವೆಲ್ ಮೋಟಾರಿನ ಪರೀಕ್ಷೆಯೇ, ನೂರಾರು ಕೋಟಿ ಸಲ.

ಬೋರ್ಡಿನ ಮೇಲಿನ ಸಣ್ಣ ಡ್ರಮ್ಮಿನಂಥ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಕಂದು ರಸ ಸೋರಿದೆಯೇ ಎಂದು ಕಣ್ಣಿಂದಲೇ ನೋಡಬಹುದು. 2000ದ ದಶಕದ ಮೊದಲ ಭಾಗದ ಬಹಳಷ್ಟು ಬೋರ್ಡುಗಳು ಕಳಪೆ ಕೆಪಾಸಿಟರುಗಳಿಂದಲೇ ಸತ್ತವು. ಶಾಲೆಗಳ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರುಗಳಲ್ಲಿ ಇದು ಇಂದಿಗೂ ಕಾಣಸಿಗುತ್ತದೆ. ಬೆಸುಗೆ ಹಾಕಲು ಬರುವ ರೇಡಿಯೊ ಮೆಕ್ಯಾನಿಕ್ ಕೂಡ ಅದನ್ನು ಬದಲಾಯಿಸಬಲ್ಲ.

ಆನ್ ಮಾಡಿದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಸಿಆರ್ 2032 ಸೆಲ್ ಮುಗಿದಿದೆ. ನಾಣ್ಯದಂಥ ಈ ಸೆಲ್ ಸಾಮಾನ್ಯ ಅಂಗಡಿಯಲ್ಲೇ ಸಿಗುತ್ತದೆ. ದಿನಾಂಕ ತಪ್ಪಿದ್ದರೆ ಬ್ಯಾಂಕಿನ, ಸರ್ಕಾರದ ವೆಬ್‌ಸೈಟುಗಳು ತೆರೆಯುವುದಿಲ್ಲ, ಏಕೆಂದರೆ ಅವುಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿಯಿದೆ. ವೈರಸ್ ಬಂದಿದೆ ಎಂದು ಹೇಳಿ ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದರೂ ಸಮಸ್ಯೆ ಹಾಗೇ ಉಳಿಯುವುದು ಇಂಥ ಕಡೆ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಮಾತ್ರ ಕ್ರಮ ತಿರುಗಾಮುರುಗಾ. ಟಕ್ ಟಕ್ ಸದ್ದು ಬಂದರೆ, ಫೈಲ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ಪರೀಕ್ಷೆ ಆಮೇಲೆ. ಮೊದಲು ಮಕ್ಕಳ ಅಂಕಪಟ್ಟಿ, ಜಮೀನಿನ ಕಾಗದ, ಮದುವೆಯ ಫೋಟೊಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ. ಪರೀಕ್ಷೆ ಮಾಡುತ್ತಾ ಕೂತರೆ ಅದೇ ಅದರ ಕೊನೆಯ ಕೆಲಸವಾದೀತು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ತಾನೇ ಬರೆದಿಡುತ್ತದೆ. ಅದರಲ್ಲಿ ಕೆಟ್ಟು ಬದಲಾಯಿಸಿದ ಸೆಕ್ಟರುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕು ಬಹಳ ದಿನ ಬಾಳುವುದಿಲ್ಲ. ಎಸ್‌ಎಸ್‌ಡಿಗಳು ಸದ್ದನ್ನೂ ಮಾಡದೆ ಸಾಯುತ್ತವೆ.

ಇಷ್ಟಾದ ಮೇಲೂ ಅಂಗಡಿಗೆ ಹೋಗಲೇಬೇಕಾದರೆ ಒಂದು ಚೀಟಿ ಬರೆದುಕೊಂಡು ಹೋಗಿ. ಯಾವಾಗ ಕೆಡುತ್ತದೆ, ಆನ್ ಮಾಡಿದ ಎಷ್ಟು ನಿಮಿಷಕ್ಕೆ, ಎಷ್ಟು ಬೀಪ್ ಬಂತು ಅಥವಾ ಯಾವ ದೀಪ ಉರಿಯಿತು, ಪರದೆಯ ಮೇಲೆ ಏನಿತ್ತು, ಏನೇನು ಬದಲಾಯಿಸಿ ನೋಡಿದಿರಿ. ಪರದೆಯ ಬರಹವನ್ನು ಮೊಬೈಲಿನಲ್ಲಿ ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಯಾವ ಭಾಗ ಬದಲಾಯಿಸಿದರೂ ಹಳೆಯದನ್ನು ಕೇಳಿ ವಾಪಸು ತೆಗೆದುಕೊಳ್ಳಿ. ಅದನ್ನು ಪರಿಚಯದವರ ಸರಿಯಿರುವ ಕಂಪ್ಯೂಟರಿಗೆ ಹಾಕಿ ನೋಡಿದರೆ ಅದು ನಿಜಕ್ಕೂ ಕೆಟ್ಟಿತ್ತೇ ಎಂಬುದು ಗೊತ್ತಾಗುತ್ತದೆ. ಎಸ್‌ಎಂಪಿಎಸ್ಸನ್ನು ಮಾತ್ರ ಹೀಗೆ ಬೇರೆಯವರ ಕಂಪ್ಯೂಟರಿಗೆ ಹಾಕಬೇಡಿ. ಕೆಟ್ಟ ಎಸ್‌ಎಂಪಿಎಸ್ ಒಳ್ಳೆಯ ಬೋರ್ಡನ್ನೂ ಸುಟ್ಟುಬಿಡುತ್ತದೆ.